ಮೂರು ಸುತ್ತಿನ ಹನಿ

ಕಣ್ಣಾಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಗೋಡೆಯುದ್ದಕ್ಕೂ ಹದಿನಾಲ್ಕು ಕುರ್ಚಿಗಳಿವೆ. ಅಲ್ಲಿ ಕೂತವರೆಲ್ಲ ಕಣ್ಣು ಮುಚ್ಚಿಕೊಂಡೇ ಇರಬೇಕು ಎನ್ನುವುದು ಅಲ್ಲಿನ ಕಟ್ಟಳೆ. ಹತ್ತು ನಿಮಿಷಕ್ಕೊಂದರಂತೆ ಮೂರು ಸುತ್ತು ಹನಿ ಹಾಕಿದರೆ ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಳ್ಳುತ್ತದೆ. ಆಮೇಲೆ ಪಕ್ಕದ ಕತ್ತಲೆ ಕೋಣೆಯಲ್ಲಿ ಡಾಕ್ಟರು ಹಣೆಗೆ ದೀಪ ಕಟ್ಟಿಕೊಂಡು ಕಣ್ಣಿನ ಹಿಂದಿನ ಪರದೆಯನ್ನು ಅಂಚಿನವರೆಗೂ ನೋಡುತ್ತಾರೆ. ಹನಿ ಹಾಕುವುದು ತೊಟ್ಟಿಲಮ್ಮನ ಕೆಲಸ. ಆ ಹೆಸರು ಇಲ್ಲಿ ಒಬ್ಬಳು ನರ್ಸಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಇಲ್ಲಿ ಅವಳು ಡ್ರಾಪ್ಸಮ್ಮ.

ಒಂದೂವರೆ ವರ್ಷದಲ್ಲಿ ಅವಳು ಕಂಡುಕೊಂಡ ಒಂದು ಸಂಗತಿ ಎಂದರೆ, ಕಣ್ಣು ಮುಚ್ಚಿಸಿ ಕೂರಿಸಿದರೆ ಜನ ತಾವಾಗಿಯೇ ಬಾಯಿ ತೆರೆಯುತ್ತಾರೆ. ಎದುರಿಗಿರುವವರ ಮುಖ ಕಾಣದಿದ್ದರೆ ನಾಚಿಕೆಯೂ ಕಾಣೆಯಾಗುತ್ತದೆಯೋ ಏನೋ. ನಿವೃತ್ತ ಪೊಲೀಸನೊಬ್ಬ ತನಗೆ ಹಲ್ಲಿ ಕಂಡರೆ ಜೀವ ಹೋಗುತ್ತದೆ ಎಂದಿದ್ದ. ಮದುವೆಯಾಗಿ ನಲವತ್ತು ವರ್ಷವಾಗಿದ್ದ ಒಬ್ಬಾಕೆ, ಅವತ್ತು ಕನ್ನಡಕ ಹಾಕಿಕೊಳ್ಳದೆ ಗಂಡನ್ನು ನೋಡಿ ಒಪ್ಪಿಕೊಂಡುಬಿಟ್ಟೆ, ಆಮೇಲೆ ಹಾಕಿಕೊಂಡು ನೋಡುವಷ್ಟರಲ್ಲಿ ಕಾಲ ಮಿಂಚಿತ್ತು ಎಂದು ನಕ್ಕಿದ್ದಳು. ತೊಟ್ಟಿಲಮ್ಮ ಎಲ್ಲದಕ್ಕೂ ಹೂಂಗುಟ್ಟಿ, ಕೇಳಿದ್ದನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡು, ಮುಂದಿನ ಕುರ್ಚಿಗೆ ಹೋಗುತ್ತಿದ್ದಳು.

ಮೊದಲು ಅವಳ ಕೆಲಸ ಬೇರೆಯಿತ್ತು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಗಂಡ ಹೋದಮೇಲೆ ಹತ್ತೊಂಬತ್ತು ವರ್ಷ ಅದೇ ಅವಳ ಬದುಕು. ಕೊನೆಗೆ ಏಳು ಮಕ್ಕಳಿದ್ದವು, ಮೂರು ತೊಟ್ಟಿಲಿದ್ದವು. ಒಂದು ಮಗು ಸೀನಿದರೆ ಅದು ನೆಗಡಿಯೋ ಧೂಳೋ ಎಂದು ಹೇಳಬಲ್ಲವಳು. ಬೀದಿಯ ಅರ್ಧ ಹುಡುಗರು ದೊಡ್ಡವರಾದಮೇಲೂ ಅವಳ ಬಾಗಿಲ ಮುಂದೆ ಸೈಕಲ್ಲಿನ ವೇಗ ತಗ್ಗಿಸುತ್ತಿದ್ದರು.

ಆ ಏಳರಲ್ಲಿ ಒಬ್ಬಳು ತುಂಟಿ, ಮೂರು ವರ್ಷದವಳು. ಒಂದು ಮಧ್ಯಾಹ್ನ ಮಕ್ಕಳು ಬಟ್ಟೆಯ ಚೆಂಡು ಎಸೆದಾಡುವಾಗ ಅದು ತುಂಟಿಯ ಮುಖಕ್ಕೆ ಬಡಿಯಿತು. ಅವಳು ಒಂದು ನಿಮಿಷ ಅತ್ತು, ಮರು ನಿಮಿಷ ಆಟಕ್ಕೆ ಓಡಿದಳು. ಮೂರನೆಯ ದಿನ ಎಡಗಣ್ಣು ಏನನ್ನೂ ಹಿಂಬಾಲಿಸುತ್ತಿಲ್ಲ ಎಂದು ತಾಯಿಗೆ ಗೊತ್ತಾಯಿತು. ಬೇರೊಂದು ಆಸ್ಪತ್ರೆಯಲ್ಲಿ ನೋಡಿದವರು, ಕಣ್ಣಿನೊಳಗೆ ರಕ್ತ ತುಂಬಿದೆ, ಪರದೆ ಕಳಚಿ ಬಂದಿದೆ, ಜೋರಾಗಿ ಪೆಟ್ಟು ಬಿದ್ದಿರಬೇಕು ಎಂದರು. ಆಪರೇಷನ್ನು ಕೈಗೂಡಲಿಲ್ಲ. ಆ ಕಣ್ಣು ಹೋಯಿತು.

ತುಂಟಿಯ ಅಜ್ಜಿ, ಅಂದರೆ ಅಪ್ಪನ ತಾಯಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್ಮಿಸ್ ಆಗಿದ್ದವಳು. ನಿವೃತ್ತಿಯಾಗಿದ್ದರೂ ಬೀದಿಗೆಲ್ಲ ಹೆಡ್ ಮೇಡಂ. ಧ್ವನಿವರ್ಧಕವಿಲ್ಲದೆ ಸಾವಿರ ಮಕ್ಕಳನ್ನು ಸಾಲಿಗೆ ನಿಲ್ಲಿಸಿದ ಗಂಟಲು ಅವಳದು. ಅವಳು ತೊಟ್ಟಿಲಮ್ಮನ ಬಾಗಿಲ ಮುಂದೆ ನಿಂತು, ಈ ಹೆಂಗಸು ಮಗುವಿಗೆ ಸೌಟಿನಲ್ಲಿ ಹೊಡೆದಿದ್ದಾಳೆ, ಚೆಂಡಿನ ಕತೆ ಕಟ್ಟುತ್ತಿದ್ದಾಳೆ ಎಂದು ಹೇಳಿದಳು. ಅಳಲಿಲ್ಲ, ಕೂಗಾಡಲೂ ಇಲ್ಲ. ಪಾಠ ಹೇಳಿದ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು, ಅದಕ್ಕೇ ಎಲ್ಲರೂ ನಂಬಿದರು. ಪಕ್ಕದಲ್ಲಿದ್ದ ಅವಳ ಸೊಸೆ, ತುಂಟಿಯ ತಾಯಿ, ಮುಂದೆ ಬಂದು ತೊಟ್ಟಿಲಮ್ಮನ ಮುಖಕ್ಕೆ ಉಗಿದಳು. ಸಂಜೆಯೊಳಗೆ ಆರು ಮಕ್ಕಳನ್ನೂ ಅವರವರ ಮನೆಯವರು ಕರೆದುಕೊಂಡು ಹೋದರು. ಠಾಣೆಯಲ್ಲಿ ಎರಡು ದಿನ ಬೆಂಚಿನ ಮೇಲೆ ಕೂರಿಸಿ, ಸಾಕ್ಷಿ ಇಲ್ಲವೆಂದು ಬಿಟ್ಟರು. ಮನೆಯ ಮಾಲೀಕ ತಿಂಗಳ ಕೊನೆಗೆ ಖಾಲಿ ಮಾಡಿ ಎಂದ.

ಆ ಚೆಂಡನ್ನು ಹೊಲಿದದ್ದು ಅವಳೇ. ಮನೆ ಬಿಡುವ ದಿನ ಕತ್ತರಿ ತೆಗೆದುಕೊಂಡು ಅದನ್ನು ಬಿಚ್ಚಿದಳು. ಒಳಗೆಲ್ಲಾದರೂ ಒಂದು ಕಲ್ಲು, ಒಂದು ಗುಂಡಿ, ಮುರಿದ ಸೂಜಿ ಸೇರಿಕೊಂಡಿತ್ತೇ ಎಂದು ಒಂದೊಂದೇ ಚಿಂದಿಯನ್ನು ನೆಲದ ಮೇಲೆ ಹರವಿ ಬೆರಳಾಡಿಸಿದಳು. ಹಳೆಯ ಬನಿಯನ್ನಿನ ತುಂಡುಗಳು ಬಿಟ್ಟರೆ ಏನೂ ಇರಲಿಲ್ಲ. ಆದರೂ ಎಷ್ಟೋ ದಿನ ತನ್ನ ಮೇಲೆ ತನಗೇ ಅನುಮಾನವಿತ್ತು. ಆ ಅನುಮಾನವನ್ನು ಒಳಗೆ ಬಿಟ್ಟವಳೂ ಹೆಡ್ ಮೇಡಮ್ಮೇ ಎಂದು ಅವಳು ಹಲ್ಲು ಕಡಿಯುತ್ತಿದ್ದಳು. ಯಾವತ್ತಾದರೂ ಒಂದು ದಿನ ಆ ಹೆಂಗಸಿನ ಬಾಯಿಂದಲೇ ನಿಜ ಕಕ್ಕಿಸಬೇಕು, ಅದೂ ತನ್ನ ಮುಖಕ್ಕೆ ಉಗಿದವಳ ಎದುರಿಗೆ. ಅಲ್ಲಿಯವರೆಗೆ ಸಾಯಬಾರದು ಎಂದುಕೊಂಡಿದ್ದಳು.

ಹಿಂದೆ ಅವಳ ತೊಟ್ಟಿಲಲ್ಲಿ ಮಗು ಬಿಟ್ಟು ಹೋಗುತ್ತಿದ್ದ ನರ್ಸೊಬ್ಬಳು ಈ ಆಸ್ಪತ್ರೆಗೆ ಸೇರಿಸಿದಳು. ಸೇರಿದ ಕೆಲವೇ ತಿಂಗಳಲ್ಲಿ, ಪರದೆ ಡಾಕ್ಟರು ಯಾವುದೋ ಮಗುವಿನ ಅಪ್ಪ ಅಮ್ಮನಿಗೆ ವಿವರಿಸುವುದು ಅವಳ ಕಿವಿಗೆ ಬಿತ್ತು. ವಂಶದಲ್ಲಿ ಬರುವ ಒಂದು ಕಾಯಿಲೆಯಿದೆ, ಅದರಲ್ಲಿ ರಕ್ತನಾಳಗಳು ಪರದೆಯ ಅಂಚಿನವರೆಗೆ ಬೆಳೆದಿರುವುದಿಲ್ಲ, ಪರದೆ ಎಳೆದುಕೊಂಡು ತಾನೇ ಕಳಚುತ್ತದೆ, ಸಣ್ಣ ಏಟೂ ಅದಕ್ಕೆ ನೆಪವಾಗಬಹುದು. ಮನೆಯಲ್ಲಿ ಯಾರಿಗೋ ಅದು ಇದ್ದೂ ಗೊತ್ತೇ ಆಗದೆ ಇರಬಹುದು. ಅವಳ ಕೈಯಲ್ಲಿದ್ದ ಹನಿ ಆ ಹೊತ್ತು ರೋಗಿಯ ಕೆನ್ನೆಗೆ ಬಿತ್ತು. ಅವತ್ತಿನಿಂದ ಅವಳು ಕಾಯತೊಡಗಿದಳು. ಇನ್ನೊಂದು ಕಣ್ಣಿಗಾಗಿ ತುಂಟಿಯನ್ನು ಯಾವತ್ತೋ ಒಂದು ದಿನ ಇಲ್ಲಿಗೆ ತರಲೇಬೇಕು ಎಂದು ಅವಳಿಗೆ ಗೊತ್ತಿತ್ತು. ಹಾಗೆ ಆಗಲಿ ಎಂದು ಬಯಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡದ್ದೂ ಉಂಟು.

ಬಂದರು. ಹನ್ನೊಂದು ಗಂಟೆಗೆ, ನಲವತ್ತೊಂದನೆಯ ಟೋಕನ್ನು. ಸೊಸೆಯ ಹೆಗಲ ಮೇಲೆ ಏಳು ತಿಂಗಳ ಗಂಡುಕೂಸು, ಅವಳ ಸೆರಗು ಹಿಡಿದು ಐದು ವರ್ಷದ ತುಂಟಿ, ಹಿಂದೆ ಕೈಚೀಲ ಎದೆಗವಚಿಕೊಂಡ ಹೆಡ್ ಮೇಡಂ. ತೊಟ್ಟಿಲಮ್ಮನ ಮುಖಕ್ಕೆ ಮಾಸ್ಕಿತ್ತು, ತಲೆಗೆ ಟೋಪಿಯಿತ್ತು. ಯಾರೂ ಗುರುತು ಹಿಡಿಯಲಿಲ್ಲ. ಹನಿ ಹಾಕುವವಳ ಮುಖವನ್ನು ಯಾರು ನೋಡುತ್ತಾರೆ?

ತುಂಟಿಯ ಎಡಗಣ್ಣು ಬೆಳ್ಳಗಾಗಿ ಚಿಕ್ಕದಾಗಿತ್ತು. ಆ ಬದಿಯ ಕುರ್ಚಿಯನ್ನು ಕೈಯಲ್ಲಿ ತಡಕಿ ಕೂತಳು. ಈ ತಲೆಯನ್ನು ಅವಳು ಎಷ್ಟು ಸಲ ಬಾಚಿದ್ದಳು. ರೆಪ್ಪೆ ಬಿಡಿಸಿ ಹನಿ ಹಾಕಲು ಹೋದಾಗ ಹುಡುಗಿ, “ಉರಿಯುತ್ತಾ?” ಎಂದಷ್ಟೇ ಕೇಳಿತು. ಸ್ವಲ್ಪ ಎಂದು ತಲೆ ಸವರಿದಳು. ಧ್ವನಿ ಗುರುತು ಹತ್ತಬಾರದೆಂದು ಹೆಚ್ಚು ಮಾತಾಡಲಿಲ್ಲ.

ಪರದೆ ಡಾಕ್ಟರು ಬಹಳ ಹೊತ್ತು ನೋಡಿದರು. ಬಾಗಿಲು ಅರ್ಧ ತೆರೆದಿತ್ತು. ತೊಟ್ಟಿಲಮ್ಮನ ಮೇಜು ಅದರ ಪಕ್ಕದಲ್ಲೇ. ಇದು ಹುಟ್ಟುವಾಗಲೇ ಬಂದ ಕಾಯಿಲೆ, ಎಡಗಣ್ಣಿಗೆ ಆದದ್ದೂ ಇದರಿಂದಲೇ, ಬಟ್ಟೆಯ ಚೆಂಡಿನಿಂದ ಆರೋಗ್ಯವಂತ ಕಣ್ಣು ಹೀಗಾಗುವುದಿಲ್ಲ ಎಂದರು. ಬಲಗಣ್ಣಿನ ಅಂಚಿಗೆ ಲೇಸರ್ ಮಾಡಿದರೆ ಉಳಿಸಿಕೊಳ್ಳಬಹುದು. ಆದರೆ ಮನೆಯವರೆಲ್ಲರ ಪರದೆ ನೋಡಬೇಕು. ಇವತ್ತು ನೀವಿಬ್ಬರೂ ಹನಿ ಹಾಕಿಸಿಕೊಳ್ಳಿ, ಮಗುವಿನ ತಂದೆ ಊರಿಂದ ಬಂದ ಕೂಡಲೇ ಬರಲಿ, ಕೂಸನ್ನಂತೂ ತಡಮಾಡದೆ ತೋರಿಸಿ.

ಎರಡು ವರ್ಷ ಕಾದ ಮಾತು ಅದು. ಅಷ್ಟಕ್ಕೇ ಅವಳ ಹೊಟ್ಟೆ ತಣ್ಣಗಾಗುತ್ತಿತ್ತೋ ಏನೋ. ಆದರೆ ಹೆಡ್ ಮೇಡಂ ಹೊರಗೆ ಬಂದವಳೇ, ಇದು ನಿನ್ನ ತವರಿನ ಕಡೆಯಿಂದ ಬಂದದ್ದು, ನಮ್ಮ ವಂಶದಲ್ಲಿ ಕಣ್ಣಿನ ತೊಂದರೆ ಅಂದರೇನೆಂದೇ ಗೊತ್ತಿಲ್ಲ ಎಂದು ಸೊಸೆಗೆ ಹೇಳಿದಳು. ಹೇಳುತ್ತ ಹೇಳುತ್ತ ತನ್ನ ದಪ್ಪ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡಳು. ಡಾಕ್ಟರು ಏನೇ ಹೇಳಲಿ, ಆ ಹೆಂಗಸು ಹೊಡೆಯದೆ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದೂ ಸೇರಿಸಿದಳು. ಕೂಸಿಗೆ ಈಗಲೇ ಹಿಂಸೆ ಬೇಡ, ಮುಂದಿನ ತಿಂಗಳು ನೋಡೋಣ ಎಂದಳು.

ಸೊಸೆ ಮೂರು ಸುತ್ತು ಹನಿ ಹಾಕಿಸಿಕೊಂಡಳು. ಅಷ್ಟು ಹೊತ್ತೂ ಹೆಡ್ ಮೇಡಂ ಒಮ್ಮೆ ಫೋನು, ಒಮ್ಮೆ ನೀರು, ಒಮ್ಮೆ ಬಾತ್‌ರೂಮು ಎಂದು ತಪ್ಪಿಸಿಕೊಂಡು ಓಡಾಡಿದಳು. ಪಾಠ ಒಪ್ಪಿಸಬೇಕಾದ ಹುಡುಗಿಯ ಹಾಗೆ. ಸೊಸೆಯನ್ನು ಒಳಗೆ ಕರೆಯುವ ಹೊತ್ತಿಗೆ ನೆಪಗಳೆಲ್ಲ ಮುಗಿದು, ಬಂದು ಕೂತಳು. ತುಂಟಿಯನ್ನು ನರ್ಸು ಆಟದ ಮೂಲೆಗೆ ಕರೆದುಕೊಂಡು ಹೋಗಿದ್ದಳು. ತೊಟ್ಟಿಲಮ್ಮ ಮೊದಲ ಸುತ್ತು ಹಾಕಿ, ದನಿ ಬದಲಿಸಿ, ಕಣ್ಣು ಮುಚ್ಚಿಕೊಳ್ಳಿ, ಹೇಳುವ ತನಕ ತೆರೆಯಬಾರದು ಎಂದಳು. ಹೆಡ್ ಮೇಡಂ ಮುಚ್ಚಿದಳು. ಸ್ವಲ್ಪ ಹೊತ್ತು ಕೈಚೀಲದ ಪಟ್ಟಿ ತಿರುವಿದಳು.

“ನೋಡಮ್ಮ,” ಎಂದಳು ತಗ್ಗಿದ ದನಿಯಲ್ಲಿ, “ಮಿಕ್ಕ ಎರಡು ಸಲ ಬರೀ ನೀರು ಹಾಕಿಬಿಡು. ಹಾಕಿದ ಹಾಗೆ ಮಾಡಿದ್ರೆ ಸಾಕು.”

ಯಾಕೆ ಎಂದು ತೊಟ್ಟಿಲಮ್ಮ ಕೇಳಿದಳು.

ಹೆಡ್ ಮೇಡಂ ಮೊದಲು ಇಲ್ಲಿನ ದೊಡ್ಡ ಡಾಕ್ಟರು ತನ್ನ ಶಿಷ್ಯೆಯ ಗಂಡ, ನಿನ್ನ ಕೆಲಸ ಕಾಯಂ ಮಾಡಿಸುತ್ತೇನೆ ಎಂದಳು. ತೊಟ್ಟಿಲಮ್ಮ ಸುಮ್ಮನಿದ್ದಳು. ಸುಮ್ಮನಿದ್ದರೆ ಎದುರಿನವರು ಆ ಖಾಲಿಯನ್ನು ಮಾತಿನಿಂದ ತುಂಬಿಸುತ್ತಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ತುಂಬಿಸಿದಳು. ಮದುವೆಗೆ ಮುಂಚೆ, ಇಪ್ಪತ್ತರ ವಯಸ್ಸಿನಲ್ಲಿ, ತನ್ನ ಎರಡೂ ಕಣ್ಣಿಗೆ ಲೇಸರ್ ಮಾಡಿದ್ದರು. ಅಣ್ಣನಿಗೆ ಚಿಕ್ಕಂದಿನಲ್ಲೇ ಒಂದು ಕಣ್ಣು ಹೋಗಿತ್ತು, ಮನೆಯವರು ಉಯ್ಯಾಲೆಯಿಂದ ಬಿದ್ದ ಎಂದು ಹೇಳಿಕೊಂಡು ಬಂದಿದ್ದರು. ನಿನಗೆ ಮಕ್ಕಳಾದರೆ ಹುಟ್ಟಿದ ಕೂಡಲೇ ಕಣ್ಣು ತೋರಿಸು ಎಂದು ಲೇಸರ್ ಮಾಡಿದ ಡಾಕ್ಟರು ಬರೆದುಕೊಟ್ಟಿದ್ದರು. ಮಗನನ್ನು ಗುಟ್ಟಾಗಿ ತೋರಿಸಿದ್ದಳು, ಅವನಿಗೆ ಅಂಥದ್ದೇನಿಲ್ಲ, ಆದರೆ ಅವನ ಮಕ್ಕಳಿಗೆ ಬರಬಹುದು ಎಂದಿದ್ದರು. ಗಂಡನಿಗೂ ಗೊತ್ತಿಲ್ಲದ ವಿಷಯ. ಈಗ ಕಣ್ಣೊಳಗೆ ನೋಡಿದರೆ ಆ ಲೇಸರ್ ಸುಟ್ಟ ಕಲೆಗಳು ಕಾಣುತ್ತವಲ್ಲ ಎಂದು ಹೆಡ್ ಮೇಡಂ ಕೇಳಿದಳು.

ಕಾಣುತ್ತವೆ, ಅಚ್ಚೊತ್ತಿದ ಹಾಗೆ ಕಾಣುತ್ತವೆ. ತೊಟ್ಟಿಲಮ್ಮನಿಗೆ ಅದು ಗೊತ್ತಿತ್ತು. ಅವಳ ತಲೆಯೊಳಗೆ ಬೇರೇನೋ ಸಿಡಿಯುತ್ತಿತ್ತು. ಇವಳಿಗೆ ಎಲ್ಲ ಗೊತ್ತಿತ್ತು. ತನ್ನ ಬಾಗಿಲ ಮುಂದೆ ನಿಂತು ಸೌಟು ಎಂದು ಹೇಳುವಾಗಲೂ ಗೊತ್ತಿತ್ತು. ತಾನು ನೆಲದ ಮೇಲೆ ಕೂತು ಚಿಂದಿಯಲ್ಲಿ ಕಲ್ಲು ಹುಡುಕುತ್ತಿದ್ದಾಗ ಇವಳು ಮನೆಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದಳು. ಒಂದು ಮಾತು ಹೇಳಿದ್ದರೆ ತುಂಟಿಯ ಕಣ್ಣು ಉಳಿಯುತ್ತಿತ್ತು.

ತಟ್ಟೆಯಲ್ಲಿ ಹನಿಯ ಸೀಸೆಯ ಪಕ್ಕದಲ್ಲೇ ಕೈ ಒರೆಸುವ ಸ್ಪಿರಿಟ್ಟಿನ ಸೀಸೆಯಿತ್ತು. ಅವಳ ಕೈ ಅದರ ಮೇಲೆ ಹೋಯಿತು, ಮುಚ್ಚಳವೂ ಅರ್ಧ ತಿರುಗಿತು. ರೆಪ್ಪೆ ಬಿಡಿಸು ಎಂದರೆ ಈ ಹೆಂಗಸು ತಾನೇ ಮುಖ ಎತ್ತಿ ಕೊಡುತ್ತಾಳೆ. ಆ ಕ್ಷಣ ಅವಳಿಗೆ ಅದಕ್ಕಿಂತ ಹೆಚ್ಚು ಬೇಕೆನಿಸಿದ್ದು ಲೋಕದಲ್ಲಿ ಇನ್ನೊಂದಿರಲಿಲ್ಲ. ಆದರೆ ಹಾಕಿದರೆ ಇವಳು ಬೀದಿಯಲ್ಲಿ ಹೇಳಿದ್ದೇ ನಿಜವಾಗುತ್ತದೆ, ತಾನು ಕಣ್ಣು ತೆಗೆಯುವವಳೇ ಆಗುತ್ತೇನೆ. ಆ ಸುಖವನ್ನು ಇವಳಿಗೆ ಕೊಡಬಾರದು. ಮುಚ್ಚಳ ಬಿಗಿ ಮಾಡಿ ಸೀಸೆಯನ್ನು ಡ್ರಾಯರಿನೊಳಗೆ ಹಾಕಿದಳು.

ಹನಿಯನ್ನು ಸರಿಯಾಗಿ ಹಾಕಿ ಒಳಗೆ ಕಳಿಸಿದರೆ ಡಾಕ್ಟರಿಗೆ ಕಲೆಗಳು ಕಾಣುತ್ತವೆ, ನಿಜ. ಆದರೆ ಪರದೆ ಡಾಕ್ಟರು ಮೆದು ಮಾತಿನವರು. ಹೆಡ್ ಮೇಡಂ ಅಲ್ಲಿ ಎರಡು ತೊಟ್ಟು ಕಣ್ಣೀರು ಹಾಕಿ, ಯಾವುದೋ ಕಾಲದಲ್ಲಿ ಏನೋ ಮಾಡಿದ್ದರು, ಏನೆಂದು ನನಗೆ ಯಾರೂ ಹೇಳಲಿಲ್ಲ ಎಂದರೆ ಮುಗಿಯಿತು. ಅಯ್ಯೋ ಪಾಪ ಎನಿಸಿಕೊಂಡು ಹೊರಗೆ ಬರುತ್ತಾಳೆ. ಗೊತ್ತಿದ್ದೂ ಮಾಡಿದಳು ಎನ್ನುವುದು ಇವಳ ಬಾಯಲ್ಲಿ ಮಾತ್ರ ಇತ್ತು.

ಅಷ್ಟರಲ್ಲಿ ಒಳಗಿನಿಂದ ಸೊಸೆ ಬಂದಳು, ನಿದ್ದೆ ಹೋದ ಕೂಸು ಹೆಗಲ ಮೇಲೆ. ಅವಳ ಎರಡೂ ಕಣ್ಣು ಸ್ವಚ್ಛವಾಗಿವೆ ಎಂದು ಡಾಕ್ಟರು ಹೇಳಿದ್ದು ತೊಟ್ಟಿಲಮ್ಮನಿಗೆ ಕೇಳಿಸಿತ್ತು. ಅವಳು ಸೊಸೆಯ ಮುಂಗೈ ಹಿಡಿದು, ತುಟಿಯ ಮೇಲೆ ಬೆರಳಿಟ್ಟು, ಹೆಡ್ ಮೇಡಮ್ಮಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಸೊಸೆಗೆ ಅರ್ಥವಾಗಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿದವರು ಕೂರು ಎಂದರೆ ಕೂರುವುದೇ. ಕೂತಳು.

ತೊಟ್ಟಿಲಮ್ಮ ಎರಡನೆಯ ಸುತ್ತಿನ ಹನಿಯನ್ನು ಹಾಕಿದಳು. ನೀರಲ್ಲ, ಹನಿಯನ್ನೇ.

“ಆಗ ಟೋಕನ್ ಕೂಗ್ತಿದ್ರು, ನನಗೆ ಸರಿಯಾಗಿ ಕೇಳಿಸಲಿಲ್ಲ ಮೇಡಂ,” ಎಂದಳು. “ಲೇಸರ್ ಮಾಡಿದ್ದು ನಿಮಗಾ, ನಿಮ್ಮ ಅಣ್ಣನಿಗಾ?”

“ಮೆಲ್ಲಗೆ ಮಾತಾಡು. ನನಗೇ, ಎರಡು ಕಣ್ಣಿಗೂ. ಮದುವೆಗೆ ಮುಂಚೆ.”

“ಹಾಗಾದ್ರೆ ಮೊಮ್ಮಗಳಿಗೆ ಬಂದಿದ್ದು ನಿಮ್ಮಿಂದ.”

“ಇನ್ಯಾರಿಂದ? ಸೊಸೆಗೆ ಗೊತ್ತಾದ್ರೆ ನನ್ನ ಮಾನ ಉಳಿಯುತ್ತಾ ಹೇಳು. ಅದಕ್ಕೇ ನೀರು ಹಾಕು ಅಂದಿದ್ದು.”

ಪಕ್ಕದ ಕುರ್ಚಿಯಲ್ಲಿ ಸೊಸೆಯ ಕೈ ಕೂಸಿನ ಬೆನ್ನ ಮೇಲೆ ತಟ್ಟುವುದನ್ನು ನಿಲ್ಲಿಸಿತು. ತೊಟ್ಟಿಲಮ್ಮನಿಗೆ ಇನ್ನೂ ಒಂದು ಬೇಕಿತ್ತು, ಎಲ್ಲಕ್ಕಿಂತ ಮುಖ್ಯವಾದದ್ದು.

“ಮಗೂಗೆ ಯಾರೋ ಹೊಡೆದ್ರು ಅಂತ ಆಗ ಹೇಳ್ತಿದ್ರಲ್ಲ?”

ಹೆಡ್ ಮೇಡಂ ಮುಚ್ಚಿದ ಕಣ್ಣಲ್ಲೇ ಸಣ್ಣಗೆ ನಕ್ಕಳು. “ಯಾರೂ ಹೊಡೆದಿಲ್ಲ. ಕಣ್ಣು ಹೋದಾಗ ಯಾಕೆ ಅಂತ ಎಲ್ಲರೂ ಕೇಳ್ತಾರಲ್ಲ, ಏನಾದ್ರೂ ಹೇಳಬೇಕಿತ್ತು. ಮಕ್ಕಳನ್ನ ನೋಡ್ಕೊಳ್ಳೋಳು ಒಬ್ಬಳಿದ್ಲು, ಅವಳ ತಲೆಗೆ ಕಟ್ಟಿದೆ. ಮುಂದಿಲ್ಲ, ಹಿಂದಿಲ್ಲ, ಒಂಟಿ ಹೆಂಗಸು. ಅವಳಿಗೆ ಹೋಗೋದು ಏನಿತ್ತು?”

ತೊಟ್ಟಿಲಮ್ಮನಿಗೆ ಉತ್ತರ ಕೊಡಬೇಕೆನಿಸಿತು. ಹತ್ತೊಂಬತ್ತು ವರ್ಷ ಎನ್ನಬೇಕೆನಿಸಿತು. ಆದರೆ ಅವಳಿಗಿಂತ ಮೊದಲು ಮಾತಾಡಿದವಳು ಸೊಸೆ.

“ಅತ್ತೆ.”

ಅಷ್ಟೇ ಹೇಳಿದಳು. ಹೆಡ್ ಮೇಡಮ್ಮಿನ ಕಣ್ಣು ತಟ್ಟನೆ ತೆರೆಯಿತು. ಎರಡು ಸುತ್ತು ಹನಿ ಬಿದ್ದ ಕಣ್ಣು. ಹತ್ತಿರದ್ದೆಲ್ಲ ಕಲಸಿಹೋಗಿ, ಟ್ಯೂಬ್‌ಲೈಟಿನ ಬೆಳಕು ಚುಚ್ಚುತ್ತಿತ್ತು. ಕೈ ಅಡ್ಡ ಹಿಡಿದು ಅತ್ತ ಇತ್ತ ನೋಡಿದಳು. ಪಕ್ಕದಲ್ಲಿ ಸೊಸೆಯ ಸೀರೆಯ ಬಣ್ಣ ಗೊತ್ತಾಯಿತು. ಎದುರಿಗೆ ಬಿಳಿ ಕೋಟು ನಿಂತಿತ್ತು. ತೊಟ್ಟಿಲಮ್ಮ ಮಾಸ್ಕು ಕೆಳಗೆಳೆದು, ಟೋಪಿ ತೆಗೆದು, ಅವಳ ಮುಖದ ಮುಂದೆ ಬಗ್ಗಿದಳು.

“ಯಾರು? ಯಾರದು?”

“ಒಂಟಿ ಹೆಂಗಸು,” ಎಂದಳು ತೊಟ್ಟಿಲಮ್ಮ. “ಕಣ್ಣು ಮುಚ್ಚಿಕೊಳ್ಳಿ ಮೇಡಂ. ಇನ್ನೂ ಒಂದು ಸುತ್ತು ಬಾಕಿ ಇದೆ.”

ಹೆಡ್ ಮೇಡಂ ಕಣ್ಣು ಮುಚ್ಚಿದಳು. ಹೇಳಿದ ಮಾತು ಕೇಳುವ ಮಗುವಿನ ಹಾಗೆ ಅವಳು ಮುಖ ಎತ್ತಿ ಕೊಟ್ಟಳು, ತೊಟ್ಟಿಲಮ್ಮ ಮೂರನೆಯ ಸುತ್ತು ಹಾಕಿದಳು. ಎರಡು ವರ್ಷದಿಂದ ಎದೆಯೊಳಗೆ ಕುದಿಯುತ್ತಿದ್ದದ್ದಕ್ಕೆ ಅದು ತಣ್ಣಗೆ ಹಿತವಾಗಿತ್ತು. ಮರುಕ ಬರಲಿಲ್ಲ. ಬರಲಿ ಎಂದು ಅವಳು ಬಯಸಲೂ ಇಲ್ಲ.

ಸೊಸೆ ಎದ್ದು ನೇರವಾಗಿ ಡಾಕ್ಟರ ಕೋಣೆಗೆ ಹೋದಳು. ಮಾತು ಹೊರಗೆ ಕೇಳಿಸಲಿಲ್ಲ. ಬಂದಾಗ ಕೈಯಲ್ಲಿ ಒಂದು ಚೀಟಿ ಇತ್ತು: ಕೂಸಿಗೆ ಹನಿ, ಇವತ್ತೇ. ಅತ್ತೆಯ ಪಕ್ಕದ ಕುರ್ಚಿ ಖಾಲಿಯಿದ್ದರೂ ಅವಳು ಸಾಲಿನ ಆ ತುದಿಗೆ ಹೋಗಿ ಕೂತಳು. ಒಳಗಿನಿಂದ ಹೆಡ್ ಮೇಡಮ್ಮಿನ ಟೋಕನ್ನು ಕೂಗಿದರು. ಅವಳು ಎದ್ದು ನಿಂತು, ಕೈ ಮುಂದೆ ಚಾಚಿ, ಸೊಸೆಯನ್ನು ಕರೆದಳು. ಯಾರೂ ಆ ಕೈ ಹಿಡಿಯಲಿಲ್ಲ. ಇನ್ನೊಮ್ಮೆ ಕರೆದು, ಆಮೇಲೆ ಕುರ್ಚಿಗಳ ಬೆನ್ನನ್ನು ಒಂದೊಂದಾಗಿ ಮುಟ್ಟಿಕೊಂಡು ಬಾಗಿಲವರೆಗೆ ಹೋದಳು. ತೊಟ್ಟಿಲಮ್ಮ ಪೂರ್ತಿ ನೋಡಿದಳು.

ಆಮೇಲೆ ಕೂಸಿನ ಹನಿಯ ಸೀಸೆ ತೆಗೆದಳು. ಅದು ಬೇರೆ, ಕಡಿಮೆ ಖಾರದ್ದು. ಸೊಸೆ ಕೂಸನ್ನು ಅವಳ ತೊಡೆಯ ಮೇಲೆ ಮಲಗಿಸಿದಳು. ಎರಡು ವರ್ಷದಲ್ಲಿ ಯಾರೊಬ್ಬರೂ ಅವಳ ತೊಡೆಯ ಮೇಲೆ ಮಗು ಮಲಗಿಸಿರಲಿಲ್ಲ. ಕೂಸು ಎಚ್ಚರಗೊಂಡು ಅವಳ ಕೋಟಿನ ಗುಂಡಿ ಹಿಡಿಯಿತು.

“ನಿಮ್ಮ ಮುಖಕ್ಕೆ ಉಗಿದಿದ್ದೆ ನಾನು,” ಎಂದಳು ಸೊಸೆ. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

“ಮರೆತಿಲ್ಲ,” ಎಂದಳು ತೊಟ್ಟಿಲಮ್ಮ. “ತಲೆ ಅಲ್ಲಾಡದ ಹಾಗೆ ಹಿಡ್ಕೋ.”